ಒಂಬತ್ತನೇ ತರಗತಿಗೆ ನಾನು 'ರನ್' ಕಲಿಸುವ ಬಗೆ

ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವಾಗ ಉದ್ದುದ್ದ ಪದಗಳು ನನ್ನನ್ನು ಅಷ್ಟಾಗಿ ಕಾಡಿಲ್ಲ. 'ಫೋಟೋಸಿಂಥೆಸಿಸ್' ಎಂದರೆ ದ್ಯುತಿಸಂಶ್ಲೇಷಣೆ, ಅಲ್ಲಿಗೆ ಮುಗಿಯಿತು. ಕಾಡುವುದು 'ಸೆಟ್', 'ಪುಟ್', 'ರನ್'ನಂಥ ಪುಟಾಣಿಗಳು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು 'ಸೆಟ್'ಗೆ. ಮುಂದಿನ ಪರಿಷ್ಕರಣೆಯಲ್ಲಿ 'ರನ್' ಅದನ್ನು ಹಿಂದಿಕ್ಕಿತು. ಆ ಕ್ರಿಯಾಪದ ಒಂದಕ್ಕೇ ನಿಘಂಟುಕಾರ ಪೀಟರ್ ಗಿಲಿವರ್ 645 ಅರ್ಥಗಳನ್ನು ಗುರುತಿಸಿದರು.

ಇಷ್ಟನ್ನು ಯಾರೂ ಬಾಯಿಪಾಠ ಮಾಡಿಸಲಾಗದು, ಮಾಡಿಸಲೂಬಾರದು. ನಾನು ಮೊದಲು ಕಪ್ಪುಹಲಗೆಯ ಮೇಲೆ ಬರೆಯುವುದು ಕನ್ನಡದ 'ಓಡು' ಎಂಬ ಪದವನ್ನು. ಕಾಲಿಲ್ಲದ ಏನೇನು ಓಡುತ್ತದೆ ಎಂದು ಮಕ್ಕಳನ್ನೇ ಕೇಳುತ್ತೇನೆ. ಗಡಿಯಾರ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಲೆಕ್ಕದ ಮುಂದೆ ಕೂತಾಗ ತಲೆ ಓಡುವುದಿಲ್ಲ. ಹಿಂದಿನ ಬೆಂಚಿನವರೂ ಕೈ ಎತ್ತುವ ಹೊತ್ತು ಇದು. ತಮ್ಮ ಮಾತಿನಲ್ಲೇ ಒಂದು ಪದ ಇಷ್ಟು ದೂರ ಹಬ್ಬಿದೆ ಎಂದು ಕಂಡ ಮೇಲೆ ಇಂಗ್ಲಿಷಿನ ಪದದ ಬಗ್ಗೆ ಅವರಿಗಿದ್ದ ಅಂಜಿಕೆ ಅರ್ಧ ಕರಗುತ್ತದೆ.

ಆಮೇಲೆ ನೀರಿನ ಕಡೆಗೆ ಹೋಗುತ್ತೇನೆ. ಹಳೆಯ ಇಂಗ್ಲಿಷಿನಲ್ಲೇ ಈ ಪದ ಓಟಕ್ಕೂ ಹರಿವಿಗೂ ಸಲ್ಲುತ್ತಿತ್ತು. ಅದರ ಬಂಧುವಾದ ಜರ್ಮನಿನ 'ರಿನ್ನೆನ್' ಇಂದಿಗೂ ಹರಿಯುವುದನ್ನೇ ಹೇಳುತ್ತದೆ. ನದಿ, ನಲ್ಲಿ, ನೆಗಡಿಯಾದ ಮೂಗು, ಒಗೆದಾಗ ಹರಡುವ ಬಟ್ಟೆಯ ಬಣ್ಣ, ಇಷ್ಟಕ್ಕೂ ಇಂಗ್ಲಿಷಿನಲ್ಲಿ 'ರನ್' ಒಂದೇ ಸಾಕು. ನಮ್ಮಲ್ಲಿ ನದಿ ಹರಿಯುತ್ತದೆ, ನಲ್ಲಿಯಲ್ಲಿ ನೀರು ಬರುತ್ತದೆ, ಮೂಗು ಸೋರುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ. ಈ ನಾಲ್ಕನ್ನೂ ಮಕ್ಕಳಿಂದಲೇ ಹೇಳಿಸುತ್ತೇನೆ.

ನನಗೆ ತುಂಬ ಇಷ್ಟವಾದ ಭಾಗ ಮುಂದಿನದು. ಇಂಗ್ಲಿಷಿನವರು ಅಂಗಡಿಯನ್ನು ಓಡಿಸುತ್ತಾರೆ, ನಾವು ನಡೆಸುತ್ತೇವೆ. ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ಅಭ್ಯರ್ಥಿ 'ಓಡುತ್ತಾನೆ', ನಾವು ಚುನಾವಣೆಗೆ ನಿಲ್ಲುತ್ತೇವೆ. ಬ್ರಿಟನ್ನಿನ ಅಭ್ಯರ್ಥಿಯೂ ನಮ್ಮಂತೆ ನಿಲ್ಲುವವನೇ. ಅಲ್ಲಿನ ರೂಢಿಯ ಮಾತು 'ಸ್ಟ್ಯಾಂಡ್'. ಇದನ್ನು ಕೇಳಿದ ಮಕ್ಕಳು ಪತ್ರಿಕೆಯ ಚುನಾವಣಾ ಸುದ್ದಿಯಲ್ಲಿ ಯಾರು ಓಡಿದರು, ಯಾರು ನಿಂತರು ಎಂದು ತಾವೇ ಹುಡುಕತೊಡಗುತ್ತಾರೆ.

ಅಭ್ಯಾಸಕ್ಕೆ ನಾನು ಕೊಡುವುದು ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆಗಳು. 'ರನ್' ಕಂಡಲ್ಲಿ ಗೆರೆ ಎಳೆಯಬೇಕು, ಅರ್ಥ ಬರೆಯಬಾರದು. ಓಡುತ್ತಿರುವುದು ಯಾರು ಅಥವಾ ಏನು, ಆ ಪದದ ಪಕ್ಕದಲ್ಲಿ ಕೂತಿರುವುದು ಯಾವ ಪದ, ಇವೆರಡನ್ನೇ ಗುರುತಿಸಬೇಕು. ಅರ್ಥ ಆ ಜೊತೆಯಿಂದ ಹೊರಡುತ್ತದೆ. ಬಸ್ಸಾದರೆ ಸಂಚಾರ, ಯಂತ್ರವಾದರೆ ಚಾಲನೆ, ರಸ್ತೆಯಾದರೆ ಹಾದುಹೋಗುವುದು, ಒಂದು ಮನೆತನದ ಸಕ್ಕರೆ ಕಾಯಿಲೆಯಾದರೆ ತಲೆಮಾರಿನಿಂದ ಬಂದದ್ದು.

ಹೆಚ್ಚು ಹೊತ್ತು ಬೇಡುವುದು ಬಾಲ ಸೇರಿದ ರೂಪಗಳು. 'ರನ್ ಔಟ್' ಎಂದೊಡನೆ ಹುಡುಗರ ಕಣ್ಣಿಗೆ ಕಟ್ಟುವುದು ಕ್ರಿಕೆಟ್. ಅಕ್ಕಿ 'ರನ್ ಔಟ್' ಆಯಿತು ಎಂದರೆ ಮನೆಯಲ್ಲಿ ಅಕ್ಕಿ ತೀರಿತು ಎಂದು ಅವರಿಗೆ ಹೊಳೆಯುವುದಿಲ್ಲ. 'ರನ್ ಇಂಟು' ಹಳೆಯ ಗೆಳೆಯ ಎದುರಾದದ್ದಕ್ಕೂ ಬರುತ್ತದೆ, ಕಾರು ಮರಕ್ಕೆ ಗುದ್ದಿದ್ದಕ್ಕೂ ಬರುತ್ತದೆ. 'ರನ್ ಓವರ್' ಎಂದರೆ ಚಕ್ರ ಮೇಲೆ ಹರಿದದ್ದು. ಇವನ್ನು ಒಂದೇ ಪಾಠದಲ್ಲಿ ತುರುಕುವುದಿಲ್ಲ, ವಾರಕ್ಕೊಂದರಂತೆ ಮಕ್ಕಳಿಂದಲೇ ಸಣ್ಣ ಕಥೆ ಕಟ್ಟಿಸುತ್ತೇನೆ. ಬ್ಯಾಂಕಿನ ಮೇಲೆ 'ರನ್' ಎಂಬ ಬಳಕೆಯನ್ನು ಮಾತ್ರ ಒಂಬತ್ತಕ್ಕೆ ಮುಟ್ಟುವುದಿಲ್ಲ. ಠೇವಣಿದಾರರೆಲ್ಲ ಒಟ್ಟಿಗೆ ಹಣ ವಾಪಸ್ ಕೇಳಲು ಮುಗಿಬೀಳುವುದು ಏಕೆ ಎಂದು ಸಮಾಜ ವಿಜ್ಞಾನದ ಶಿಕ್ಷಕರು ವಿವರಿಸಿದ ಮೇಲೆ, ಹತ್ತನೇ ತರಗತಿಯಲ್ಲಿ ಅದನ್ನು ಎತ್ತಿಕೊಳ್ಳುತ್ತೇನೆ.