ಮಗಳು ಸಹಿ ಹಾಕಿದ ಕಾಗದ

ಹದಿನೇಳು ವರ್ಷ ನಮ್ಮ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವಳು ನಾನು. ದೊಡ್ಡ ಮಕ್ಕಳಿಗೆ ಮದುವೆಯ ಪಾಠ ಬಂದಾಗ "ನಮ್ಮವರನ್ನೇ ನೋಡ್ಕೊಳ್ಳಿ" ಅಂತ ಪುಸ್ತಕದಲ್ಲಿ ಇಲ್ಲದ ಒಂದು ಮಾತನ್ನು ನಾನೇ ಸೇರಿಸುತ್ತಿದ್ದೆ. ಆ ಬೆಂಚಿನಲ್ಲೇ ಕೂತು ಅದನ್ನು ಕೇಳಿಸಿಕೊಂಡಿದ್ದ ನನ್ನ ಮಗಳು 2022ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ ತಿಂಡಿಗಳ ಕುಸ್ವಾರಿಗೆ ನಾವಿಬ್ಬರೂ ಹಿಟ್ಟಿನ ಸುರುಳಿ ಕಿಡ್ಯೊ ಸುತ್ತುತ್ತಾ ಕೂತಿದ್ದಾಗ, ಸಾಗರದ ಕಡೆಯ ಒಬ್ಬ ಹವ್ಯಕರ ಹುಡುಗನ ಹೆಸರು ಹೇಳಿದಳು. ನಾನು ಬಾಚಣಿಗೆಯ ಮೇಲೆ ಹಿಟ್ಟು ಒತ್ತುತ್ತಲೇ ಇದ್ದೆ. "ಬೇಗ ಸುತ್ತು, ಹಿಟ್ಟು ಒಣಗುತ್ತೆ" ಅಂದೆ. ಅಷ್ಟೇ ಅಂದದ್ದು.

ಆ ವರ್ಷ ಶಿವಮೊಗ್ಗ ಹೇಗಿತ್ತು ಅಂತ ಇಲ್ಲಿಯವರಿಗೆ ಗೊತ್ತು. ಫೆಬ್ರವರಿಯಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಗಲಾಟೆಯಾಗಿ 144ನೇ ಸೆಕ್ಷನ್ ಹಾಕಿದ್ದರು. ಗಲಾಟೆ ನಮ್ಮ ಜನರ ವಿಷಯಕ್ಕಲ್ಲ, ಆದರೆ ಭಯ ಎಲ್ಲರ ಮನೆಗೂ ಬರುತ್ತೆ. ಸೆಪ್ಟೆಂಬರಿನಲ್ಲಿ ಮತಾಂತರದ ಕಾಯ್ದೆ ಬೇರೆ ಬಂದಿತ್ತು. ಧರ್ಮ ಬದಲಾಯಿಸುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕಿತ್ತು. ಹೀಗಿದ್ದೂ ಮೊದಲ ವಾರ ನನ್ನ ಬಾಯಿಂದ ಬಂದದ್ದು "ಅವನು ದೀಕ್ಷಾಸ್ನಾನ ತಗೊಂಡರೆ ನೋಡೋಣ" ಅನ್ನುವ ಮಾತು. "ಅದನ್ನು ನಾನು ಅವನ ಹತ್ತಿರ ಕೇಳೋದೇ ಇಲ್ಲ ಮಮ್ಮಿ" ಅಂದಳು ಮಗಳು. ಒಂಬತ್ತು ದಿನ ನಮ್ಮಿಬ್ಬರಿಗೂ ಮಾತಿಲ್ಲ. ಸಂಜೆ ಜಪಸರಕ್ಕೆ ಮಾತ್ರ ಕೂರುತ್ತಿದ್ದೆವು. ಅದರಲ್ಲಿ ನಾನು ಅರ್ಧ, ಅವಳು ಅರ್ಧ ಹೇಳಲೇಬೇಕಲ್ಲ!

ಹತ್ತನೇ ದಿನ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ನನಗೆ ಯಾವುದಕ್ಕೆಲ್ಲ ಹೆದರಿಕೆ ಅಂತ ಬರೆದೆ. ಬರೆದು ಓದಿದಾಗ ನಾಚಿಕೆಯಾಯಿತು. ದೇವರ ಹೆಸರು ಬಂದದ್ದು ಒಂದೇ ಕಡೆ. ಉಳಿದದ್ದೆಲ್ಲ ಜನ, ಪೊಲೀಸು, ನಾದಿನಿಯರು, ಮಂಗಳೂರಿನ ನೆಂಟರು.

ಪುಸ್ತಕ ಹಿಡಿದು ಮೊದಲು ಹೋದದ್ದು ಫಾದರ್ ಹತ್ತಿರ. ಇಷ್ಟು ವರ್ಷ ಪಾಠ ಹೇಳಿದವಳಿಗೆ ಚರ್ಚಿನ ನಿಯಮವೇ ಸರಿಯಾಗಿ ಗೊತ್ತಿರಲಿಲ್ಲ. ದೀಕ್ಷಾಸ್ನಾನ ಇಲ್ಲದವರನ್ನು ಮದುವೆಯಾಗಲು ಬಿಷಪರ ವಿನಾಯಿತಿ ಬೇಕು, ಹುಡುಗ ಮತ ಬದಲಾಯಿಸಬೇಕಾಗಿಲ್ಲ. ಹಿಂದೆ ಮಕ್ಕಳ ವಿಷಯದಲ್ಲಿ ಎರಡೂ ಕಡೆಯವರಿಂದ ಮಾತು ತೆಗೆದುಕೊಳ್ಳುತ್ತಿದ್ದರಂತೆ. 1970ರಲ್ಲಿ ಆರನೇ ಪೌಲ್ ಪೋಪ್ ಅದನ್ನು ಬದಲಾಯಿಸಿದರು. ಈಗ ನಮ್ಮ ಕಡೆಯವರು ಮಾತ್ರ 'ಮಕ್ಕಳನ್ನು ನನ್ನ ಶಕ್ತಿಯಿದ್ದಷ್ಟು ಈ ವಿಶ್ವಾಸದಲ್ಲಿ ಬೆಳೆಸುತ್ತೇನೆ' ಅಂತ ಮಾತು ಕೊಡಬೇಕು. ಹುಡುಗನಿಗೆ ಅದು ಗೊತ್ತಿದ್ದರೆ ಸಾಕು. ನಾನು ಆ ಕಾಗದವನ್ನು ನೋಡುತ್ತಾ ಕೂತಾಗ ಫಾದರ್ ಮೆಲ್ಲಗೆ, "ಇದರಲ್ಲಿ ಸಹಿ ನಿಮ್ಮದಲ್ಲ, ಮಗಳದ್ದು" ಅಂದರು.

ನೋವಾದದ್ದು ಬೇರೆ ಕಡೆ. ಇಂಥ ಮದುವೆಯಲ್ಲಿ ಸಾಮಾನ್ಯವಾಗಿ ಪೂಜೆ ಇರುವುದಿಲ್ಲ. ವಾಚನ, ಒಪ್ಪಿಗೆ, ಉಂಗುರ, ಪ್ರಾರ್ಥನೆ, ಅಷ್ಟೇ. ಒಬ್ಬಳೇ ಮಗಳ ಮದುವೆಯಲ್ಲಿ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಇಲ್ಲ ಅನ್ನುವುದು ಇವತ್ತಿಗೂ ನನ್ನೊಳಗೆ ಚುಚ್ಚುತ್ತೆ. ಅದನ್ನು ಸಣ್ಣದು ಅನ್ನುವವರ ಹತ್ತಿರ ನಾನು ವಾದ ಮಾಡುವುದಿಲ್ಲ.

ಹುಡುಗನ ಮನೆಯವರಿಗೆ ಯೇಸುವಿನ ಚಿಂತೆಯೇ ಇರಲಿಲ್ಲ, ಅವರ ಚಿಂತೆ ಅಡಿಕೆ ತೋಟದ್ದು! ನಾವು ಹೋದಾಗ ಕೊಯ್ಲಿನ ಕಾಲ. ಅಂಗಳದ ತುಂಬ ಬೇಯಿಸಿದ ಅಡಿಕೆ, ಮನೆಯೆಲ್ಲ ಚೊಗರಿನ ವಾಸನೆ. ಅಜ್ಜಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದವರು ಕೈ ನಿಲ್ಲಿಸದೆ ಮಗಳನ್ನು ಒಮ್ಮೆ ನೋಡಿ, "ಕೂಸು ಚಲೋ ಇದ್ದು. ಆದ್ರೆ ತೋಟ?" ಅಂದರು.

ಅಜ್ಜಿಯ ಪ್ರಶ್ನೆ ಎಷ್ಟು ಸರಿ ಅಂತ ವಕೀಲರ ಹತ್ತಿರ ಹೋದಾಗ ತಿಳಿಯಿತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದರೆ ಹಿಂದೂ ಅವಿಭಕ್ತ ಕುಟುಂಬದ ಹುಡುಗ ಕಾನೂನಿನ ಲೆಕ್ಕದಲ್ಲಿ ಆ ಕುಟುಂಬದಿಂದ ಬೇರೆಯಾದ ಹಾಗೆ. ಅವನ ಪಾಲು ಹೋಗುವುದಿಲ್ಲ, ಆದರೆ ಒಟ್ಟು ಮನೆ ಒಟ್ಟಾಗಿ ಉಳಿಯುವುದಿಲ್ಲ. ಜೊತೆಗೆ 30 ದಿನ ಇಬ್ಬರ ವಿವರವೂ ಕಚೇರಿಯ ಬೋರ್ಡಿನಲ್ಲಿ. ಅದನ್ನು ಯಾರು ಫೋಟೋ ಹೊಡೆದು ಯಾವ ಗ್ರೂಪಿಗೆ ಹಾಕುತ್ತಾರೋ ಅನ್ನುವ ಭಯವೇ ನನ್ನ ಪಟ್ಟಿಯಲ್ಲಿ ಎರಡನೆಯದಾಗಿತ್ತು. 1872ರ ಕ್ರೈಸ್ತ ವಿವಾಹ ಕಾಯ್ದೆಯಲ್ಲಾದರೆ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಚರ್ಚಿನ ಮದುವೆಗೆ ಮಾನ್ಯತೆ ಇದೆ. ಆ ದಾರಿಯನ್ನೇ ಹಿಡಿದೆವು.

ಆಮೇಲೆ ಹುಡುಗನ ಅಪ್ಪ "ಧಾರೆ ಇಲ್ಲದೆ ಮದುವೆ ಹೆಂಗೆ?" ಅಂತ ಹಟ ಹಿಡಿದರು. ಹಿಂದೂ-ಕ್ರೈಸ್ತ ಜೋಡಿಗೆ ಹಿಂದೂ ವಿವಾಹ ಕಾಯ್ದೆಯಡಿ ಆಗುವ ಮದುವೆ ಅಸಿಂಧು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರು ಇದನ್ನು ನನಗೆ ಹೇಳಿಕೊಟ್ಟಿದ್ದರು, ಆದರೂ ಅಲ್ಲಿ ನಾನು ಬಾಯಿ ಬಿಡಲಿಲ್ಲ. ಬೀಗರನ್ನು ಕೋರ್ಟಿನ ಮಾತಿನಿಂದ ಸೋಲಿಸಿ ಏನು ಮಾಡಲಿ? "ನಮ್ಮಲ್ಲೂ ಒಪ್ಪಿಗೆ ಎರಡು ಸಲ ಹೇಳಿಸೋ ಹಾಗಿಲ್ಲ. ಮನೆ ತುಂಬಿಸ್ಕೊಳ್ಳೋ ಶಾಸ್ತ್ರ ನಿಮ್ಮದೇ, ಅದಕ್ಕೆ ನಾವು ಬಂದು ಕೂರ್ತೀವಿ" ಅಂದೆ. ಅವರು ಎರಡು ವಾರ ಬಿಟ್ಟು ಒಪ್ಪಿದರು.

2023ರ ಏಪ್ರಿಲ್‌ನಲ್ಲಿ, ಈಸ್ಟರ್ ಕಳೆದ ಮೇಲೆ ಮದುವೆಯಾಯಿತು. ಹಿಂದಿನ ದಿನ ಕಾಯಿಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಬೀಗಿತ್ತಿ ಬಂದರು. ತೆಂಗಿನ ಹಾಲನ್ನು ಮಗಳ ತಲೆಗೆ ಹಚ್ಚಿ, "ನಮ್ಮಲ್ಲಿ ಅರಿಶಿನ ಎಣ್ಣೆ, ಇಲ್ಲಿ ಕಾಯಿಹಾಲು" ಅಂತ ನಕ್ಕರು. ಊಟ ಪೂರ್ತಿ ಸಸ್ಯಾಹಾರ. ನನ್ನ ತಮ್ಮ ಮಾತ್ರ ಹಂದಿಮಾಂಸ ಇಲ್ಲದ ಮದುವೆ ಅಂತ ಇನ್ನೂ ಗೊಣಗುತ್ತಾನೆ. ಚರ್ಚಿನಲ್ಲಿ ಪಕ್ಕದ ಬೆಂಚಿನ ಒಬ್ಬರು ಒಂದು ವರ್ಷ ನನ್ನ ಮುಖ ನೋಡಲಿಲ್ಲ. ನಾನೂ ಧರ್ಮೋಪದೇಶದ ತರಗತಿ ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ. ಆ ಒಂದು ಮಾತನ್ನು ಬಿಟ್ಟು ಮದುವೆಯ ಪಾಠ ಹೇಗೆ ಮಾಡಬೇಕು ಅಂತ ನನಗೇ ತಿಳಿಯಲಿಲ್ಲ.

ಈಗ ಮೊಮ್ಮಗಳಿಗೆ ಎಂಟು ತಿಂಗಳು. ಸಾಗರದಲ್ಲಿ ತೊಟ್ಟಿಲಿಗೆ ಹಾಕಿದರು, ನಾನೂ ಹೋಗಿ ಹಾಡು ಕೇಳಿ ಬಂದೆ. ದೀಕ್ಷಾಸ್ನಾನದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಹಾಲಿನ ಪುಸ್ತಕದಲ್ಲಿ ದೇವರ ಹೆಸರಿದ್ದ ಸಾಲು ಅದೇ. ನಾನು ಕೇಳುವುದಿಲ್ಲ. ಕೇಳದೆ ಇರುವುದು ಸುಲಭ ಅಂತ ಯಾರೂ ತಿಳಿಯಬೇಡಿ. ಮಗಳು ದೀಕ್ಷಾಸ್ನಾನಕ್ಕೆ ಹಾಕಿದ್ದ ಬಿಳಿ ಫ್ರಾಕನ್ನು ಒಗೆದು ಬೀರುವಿನಲ್ಲಿ ಇಟ್ಟಿದ್ದೇನೆ. ಹೋದ ತಿಂಗಳು ಕಂಬಳಿ ಹುಡುಕುವಾಗ ಅದು ಅವಳ ಕೈಗೆ ಸಿಕ್ಕಿತು. ಬಿಡಿಸಿ ಮಗುವಿನ ಮೈಗೆ ಹಿಡಿದು ನೋಡಿ, "ತೋಳು ಬಿಗಿಯಾಗುತ್ತೆ ಮಮ್ಮಿ" ಅಂದು ಮಡಚಿ ಅಲ್ಲೇ ಇಟ್ಟಳು.