ಹೊರುವವನು ಬೇರೆ, ಹೊರಿಸುವವನು ಬೇರೆ

ನಾನು ಡಚ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತೇನೆ. ಹಡಗು, ಲಾರಿ, ಗೋದಾಮು, ಕಸ್ಟಮ್ಸ್ ಕಾಗದಪತ್ರಗಳು ಮಾತ್ರ. ರಾಟರ್‌ಡ್ಯಾಮಿಗೆ ಬರುವ ಮೊದಲು ಆರು ವರ್ಷ ಪಣಂಬೂರಿನಲ್ಲಿ ಕ್ಲಿಯರಿಂಗ್ ಏಜೆಂಟರೊಬ್ಬರ ಆಫೀಸಿನಲ್ಲಿದ್ದೆ. ಬಿಲ್ ಆಫ್ ಲೇಡಿಂಗ್, ಬಿಲ್ ಆಫ್ ಎಂಟ್ರಿ, ಡೆಮರೇಜ್ ಎಲ್ಲ ದಿನಾ ಬಾಯಲ್ಲಿದ್ದ ಮಾತು. ಡಚ್ ಒಂದು ಕಲಿತರೆ ಸಾಕು, ಉಳಿದದ್ದು ಗೊತ್ತಿದೆ ಎಂದುಕೊಂಡಿದ್ದೆ. ಡಚ್ ಬಂತು. ಕೆಲಸ ಕೈಗೆ ಹತ್ತಲು ಇನ್ನೂ ಎರಡು ವರ್ಷ ಬೇಕಾಯಿತು.

ಶುರುವಿನಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ಒಂದು ಸಾಗಣೆ ಕಂಪನಿಯ ಕರಾರು ಪತ್ರ. ಅದರ ತುಂಬಾ 'ಎಕ್ಸ್‌ಪೆಡಿಟ್ಯೂರ್' ಎಂಬ ಪದ. ಸರಕು ಕಳಿಸುವ ಕಂಪನಿ ತಾನೇ ಎಂದು ಎಲ್ಲ ಕಡೆ 'ಕ್ಯಾರಿಯರ್' ಎಂದು ಬರೆದೆ. ಅದನ್ನು ತಿದ್ದುವ ಹಿರಿಯರೊಬ್ಬರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: 'ಈ ಕಂಪನಿ ತಾನೇ ಸರಕು ಸಾಗಿಸುತ್ತದಾ, ಅಥವಾ ಬೇರೆಯವರ ಕೈಲಿ ಮಾಡಿಸುತ್ತದಾ?'

ಆ ಪ್ರಶ್ನೆ ಅವರು ಡಚ್‌ನಲ್ಲೇ ಕೇಳಿದ್ದು. ನನ್ನ ತಲೆಯೊಳಗೆ ಅದು ಕನ್ನಡದಲ್ಲೇ ಕೂತಿತು. ಹೊರುವವನು ಬೇರೆ, ಹೊರಿಸುವವನು ಬೇರೆ. ನೆದರ್‌ಲ್ಯಾಂಡ್ಸಿನ ಸಿವಿಲ್ ಕೋಡಿನ 8ನೇ ಪುಸ್ತಕ ಪೂರ್ತಿ ಸಾಗಣೆಯದ್ದೇ. ಅದರಲ್ಲಿ ಇವು ಎರಡು ಬೇರೆ ಬೇರೆ ಒಪ್ಪಂದಗಳು. 'ವೆರ್‌ವೂರ್ಡರ್' ಸರಕು ಹೊರುತ್ತೇನೆ ಎಂದು ಮಾತು ಕೊಡುತ್ತಾನೆ. 'ಎಕ್ಸ್‌ಪೆಡಿಟ್ಯೂರ್' ನಿಮಗಾಗಿ ಒಬ್ಬ ವೆರ್‌ವೂರ್ಡರ್ ಜೊತೆ ಒಪ್ಪಂದ ಮಾಡಿಸಿಕೊಡುತ್ತೇನೆ ಎನ್ನುತ್ತಾನೆ, ಅಷ್ಟೇ. ಕಾನೂನಿನ ಮಾತಿನಲ್ಲಿ ಮೊದಲನೆಯದು 'ವೆರ್‌ವೂರೆನ್', ಎರಡನೆಯದು 'ದೂನ್ ವೆರ್‌ವೂರೆನ್'. ಕನ್ನಡದಲ್ಲಿ ಒಂದು 'ಇಸು' ಹಚ್ಚಿದರೆ ಈ ವ್ಯತ್ಯಾಸ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಹಾಗೆ ಬರುವುದಿಲ್ಲ. 'ಕ್ಯಾರಿಯರ್', 'ಫ್ರೈಟ್ ಫಾರ್ವರ್ಡರ್' ಎಂದು ಎರಡು ಬೇರೆ ಪದಗಳನ್ನೇ ಹಿಡಿಯಬೇಕು.

ಇದು ಸುಮ್ನೆ ಪದದ ಜಗಳ ಅಲ್ಲ. ದೇಶಗಳ ನಡುವಿನ ರಸ್ತೆ ಸಾಗಣೆಗೆ 1956ರ ಸಿಎಂಆರ್ ಒಪ್ಪಂದ ಇದೆ. ಅದರ ಪ್ರಕಾರ ದಾರಿಯಲ್ಲಿ ಸರಕು ಹಾಳಾದರೆ ಹೊರುವವನ ಹೊಣೆ ಸಾಮಾನ್ಯವಾಗಿ ಕಿಲೋಗೆ 8.33 ಎಸ್‌ಡಿಆರ್‌ವರೆಗೆ (ಎಸ್‌ಡಿಆರ್ ಎಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ). ಹೊರಿಸುವವನ ಲೆಕ್ಕ ಬೇರೆ, ಅವನ ಕರಾರಿನ ಷರತ್ತುಗಳೇ ಬೇರೆ. ನನ್ನ ಒಂದು ಪದ ಆ ಕಂಪನಿಯ ತಲೆಗೆ ಅದು ಒಪ್ಪದೇ ಇದ್ದ ಹೊಣೆ ಕಟ್ಟುತ್ತಿತ್ತು. ಅವತ್ತಿನಿಂದ ಯಾವ ಪದ ಬಂದರೂ ಮೊದಲು ಕೇಳುವುದು ಮೂರು ಮಾತು: ಕೆಲಸ ಯಾರದ್ದು, ದುಡ್ಡು ಯಾರದ್ದು, ಹಾಳಾದರೆ ಹೊಣೆ ಯಾರದ್ದು. ಡಿಕ್ಷನರಿ ಅದಾದ ಮೇಲೆ.

ಒಂದೇ ರೂಪದ ಪದಗಳ ಕಾಟ ಇನ್ನೊಂದು. 'ಲೋಟ್ಸ್' ಎಂದರೆ ಹಡಗನ್ನು ಬಂದರಿಗೆ ದಾರಿ ತೋರಿಸಿ ತರುವ ಪೈಲಟ್. ಅದೇ ಪದ ಗೋದಾಮಿನ ಶೆಡ್ಡಿಗೂ ಇದೆ. ಯಂತ್ರದ ಅನುವಾದದಲ್ಲಿ 'ಸರಕು 4ನೇ ಪೈಲಟ್‌ನಲ್ಲಿದೆ' ಎಂಬ ಸಾಲು ನಾನೇ ಕಂಡಿದ್ದೇನೆ. 'ರೌಮ್' ಎಂದರೆ ಹಡಗಿನ ಹೊಟ್ಟೆ, ಸರಕು ತುಂಬುವ ಜಾಗ. ಆದರೆ 'ರೌಮ್ 1.500 ಟನ್' ಎಂದರೆ ಒಂದೂವರೆ ಸಾವಿರ ಟನ್ನಿಗಿಂತ ಸ್ವಲ್ಪ ಜಾಸ್ತಿ. 'ಓಪ್‌ಸ್ಲಾಖ್' ಗೋದಾಮಿನಲ್ಲಿಡುವುದೂ ಹೌದು, ಬಿಲ್ಲಿನ ಮೇಲೆ ಸೇರಿಸುವ ಶೇಕಡಾ ಲೆಕ್ಕವೂ ಹೌದು. ಬಿಲ್ಲಿನಲ್ಲಿ 'ಓಪ್‌ಸ್ಲಾಖ್ 5%' ಎಂದಿದ್ದರೆ ಅದು ಗೋದಾಮಿನ ಬಾಡಿಗೆ ಅಲ್ಲ.

ಅದರ ಅಣ್ಣ 'ಓವರ್‌ಸ್ಲಾಖ್' ನನ್ನನ್ನು ಇನ್ನೂ ಜಾಸ್ತಿ ಕಾಡಿತು. ಬಂದರಿನ ವಾರ್ಷಿಕ ಲೆಕ್ಕದಲ್ಲಿ ಅದು 'ಥ್ರೂಪುಟ್'. 2023ರಲ್ಲಿ ರಾಟರ್‌ಡ್ಯಾಮಿನ ಓವರ್‌ಸ್ಲಾಖ್ ಸುಮಾರು 43.9 ಕೋಟಿ ಟನ್. ಅಂದರೆ ಬಂದರು ದಾಟಿದ ಒಟ್ಟು ಸರಕು. ಅಲ್ಲಿ 'ಟ್ರಾನ್ಸ್‌ಶಿಪ್‌ಮೆಂಟ್' ಎಂದು ಬರೆದರೆ, ಅಷ್ಟೂ ಸರಕು ಒಂದು ಹಡಗಿನಿಂದ ಇನ್ನೊಂದು ಹಡಗಿಗೆ ಹೋಯಿತು ಎಂದು ಓದುವವರು ತಿಳಿಯುತ್ತಾರೆ. ಟರ್ಮಿನಲ್ಲಿನ ದರಪಟ್ಟಿಯಲ್ಲಿ ಅದೇ ಪದ 'ಹ್ಯಾಂಡ್ಲಿಂಗ್'. ಸರಕು ಒಂದು ವಾಹನದಿಂದ ಇಳಿದು ಇನ್ನೊಂದಕ್ಕೆ ಏರುವ ಜಾಗದಲ್ಲಿ ಮಾತ್ರ 'ಟ್ರಾನ್ಸ್‌ಶಿಪ್‌ಮೆಂಟ್'. ಹಾಗಾಗಿ ನನ್ನ ಎಕ್ಸೆಲ್ ಪಟ್ಟಿಯಲ್ಲಿ ಒಂದು ಡಚ್ ಪದಕ್ಕೆ ಒಂದು ಸಾಲು ಎಂಬ ಲೆಕ್ಕ ಇಲ್ಲ. ಕಾಗದ ಯಾವುದು ಎನ್ನುವುದಕ್ಕೂ ಒಂದು ಕಾಲಂ ಇದೆ. ಓವರ್‌ಸ್ಲಾಖಿಗೆ ಹೋದ ವಾರದವರೆಗೆ ಐದು ಸಾಲು.

ನದಿ ಸಾಗಣೆ ನನಗೆ ಪೂರ್ತಿ ಹೊಸದು. ಡಚ್ಚರು 'ಬಿನ್ನೆನ್‌ವಾರ್ಟ್' ಎನ್ನುತ್ತಾರೆ. ನಮ್ಮ ಕರಾವಳಿಯಲ್ಲಿ ಪಾತಿ ಬೇರೆ, ದೋಣಿ ಬೇರೆ, ಮಂಜಿ ಬೇರೆ, ಅಲ್ವಾ? ಮಂಗಳೂರಿನ ಹಳೇ ಧಕ್ಕೆಯಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಯನ್ನು ಯಾರೂ ದೋಣಿ ಎನ್ನುವುದಿಲ್ಲ. ಡಚ್ಚರಿಗೂ ನದಿಯ ಹಡಗುಗಳ ವಿಷಯದಲ್ಲಿ ಹಾಗೇ. ತನ್ನದೇ ಎಂಜಿನ್ ಇರುವುದು 'ಮೋಟರ್‌ಸ್ಖಿಪ್'. ಎಂಜಿನ್ ಇಲ್ಲದ, ಹಿಂದಿನಿಂದ ತಳ್ಳಿಸಿಕೊಳ್ಳುವ ತೊಟ್ಟಿ 'ದ್ಯೂಬಾಕ್'. ಅದನ್ನು ತಳ್ಳುವುದು 'ದ್ಯೂಬೋಟ್'. ಇಂಗ್ಲಿಷಿನಲ್ಲಿ ಮೊದಲೆರಡಕ್ಕೂ 'ಬಾರ್ಜ್' ಎಂದು ಹೇಳಿ ಮುಗಿಸುವವರೇ ಜಾಸ್ತಿ. ವಿಮೆಯ ಕಾಗದದಲ್ಲಿ ಅದು ನಡೆಯುವುದಿಲ್ಲ. ನಾನು 'ಸೆಲ್ಫ್ ಪ್ರೊಪೆಲ್ಡ್', 'ಪುಶ್ಡ್' ಎಂದು ಬಿಡಿಸಿ ಬರೆಯುತ್ತೇನೆ. ಹಡಗು ನಡೆಸುವವನು 'ಸ್ಖಿಪ್ಪರ್'. ಆ ಪದದಿಂದಲೇ ಇಂಗ್ಲಿಷಿನ 'ಸ್ಕಿಪ್ಪರ್' ಹುಟ್ಟಿದ್ದು. ಆದರೂ ಯುರೋಪಿನ ನದಿ ಹಡಗಿನ ನಿಯಮಗಳಲ್ಲಿ ಅವನು 'ಬೋಟ್‌ಮಾಸ್ಟರ್'. ಮೂಲ ಒಂದೇ ಎಂದು ನಂಬಿ ಕೂರುವ ಹಾಗಿಲ್ಲ.

ಒಮ್ಮೆ 'ಕ್ಲೈನ್‌ವಾಟರ್‌ಟೂಸ್ಲಾಖ್' ಎಂಬ ಪದ ಬಂತು. ಅಕ್ಷರಕ್ಕೆ ಅಕ್ಷರ ಹಿಡಿದರೆ 'ಸಣ್ಣ ನೀರಿನ ಹೆಚ್ಚುವರಿ ದರ'. ಪುಸ್ತಕದಲ್ಲಿ ನೋಡಿ 'ಲೋ ವಾಟರ್ ಸರ್‌ಚಾರ್ಜ್' ಎಂದು ಬರೆದೆ. ಪದವೇನೋ ಸರಿ. ಆದರೆ ಅದರ ಜೊತೆಗಿದ್ದ ಕೋಷ್ಟಕ ಅರ್ಥವಾಗಲಿಲ್ಲ. ಪರಿಚಯದ ಒಂದು ಸ್ಖಿಪ್ಪರ್ ಕುಟುಂಬವಿತ್ತು. ಗಂಡ ಹೆಂಡತಿ ಇಬ್ಬರೂ ಹಡಗಿನಲ್ಲೇ ಸಂಸಾರ ಮಾಡುವವರು, ಕಾರು ಕೂಡ ಹಡಗಿನ ಮೇಲೇ. ಅವರ ಅಡುಗೆಮನೆಯ ಮೇಜಿನ ಮೇಲೆ ಕೋಷ್ಟಕ ಹರಡಿದೆ. ಆ ಹೆಂಗಸು ತಾಳ್ಮೆಯಿಂದ ವಿವರಿಸಿದರು. ರೈನ್ ನದಿಯ ಮೇಲ್ಭಾಗಕ್ಕೆ ಹೋಗುವ ಹಡಗಿಗೆ ಜರ್ಮನಿಯ ಕೌಬ್ ಎಂಬ ಊರಿನ ಅಳತೆಗೋಲೇ ಲೆಕ್ಕ. ನೀರು ಇಳಿದಷ್ಟೂ ಹಡಗು ಕಡಿಮೆ ತುಂಬಬೇಕು. ಖರ್ಚು ಮಾತ್ರ ಅಷ್ಟೇ. ಹಾಗಾಗಿ ಟನ್ನಿನ ದರ ಏರುತ್ತದೆ. 2018ರ ಅಕ್ಟೋಬರಿನಲ್ಲಿ ಕೌಬಿನ ಗೋಲು 25 ಸೆಂಟಿಮೀಟರಿಗೆ ಇಳಿದಿತ್ತು. 'ಹಾಗಂತ ನದಿಯಲ್ಲಿ ಇದ್ದದ್ದೇ ಅಷ್ಟು ನೀರು ಎಂದು ಬರೆದುಬಿಡಬೇಡಿ' ಎಂದರು. ಗೋಲಿನ ಸೊನ್ನೆ ನದಿಯ ತಳದಲ್ಲಿಲ್ಲ. ಹಡಗಿನ ದಾರಿಯ ಆಳ ಅದಕ್ಕಿಂತ ಒಂದು ಮೀಟರಿಗೂ ಜಾಸ್ತಿ. ನಾನು ಆ ಕಾಲಂಗೆ 'ವಾಟರ್ ಡೆಪ್ತ್' ಎಂದೇ ಬರೆದಿದ್ದೆ. ಅಲ್ಲೇ ಕೂತು 'ಗೇಜ್ ರೀಡಿಂಗ್' ಎಂದು ತಿದ್ದಿದೆ.

'ಬೆವ್ರಾಖ್ಟರ್' ಎಂಬ ಪದದ ಗುಟ್ಟು ಬಿಡಿಸಿದ್ದೂ ಅವರೇ. ಕಾನೂನಿನಲ್ಲಿ ಅದು ಹಡಗನ್ನು ಬಾಡಿಗೆಗೆ ಹಿಡಿಯುವವನು, 'ಚಾರ್ಟರರ್'. ನದಿಯವರ ಬಾಯಲ್ಲಿ ಸ್ಖಿಪ್ಪರಿಗೆ ಸರಕು ಹುಡುಕಿಕೊಡುವ ಆಫೀಸಿನವನು.

ಅಂಕಿಗಳ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಪದ ತಪ್ಪಿದರೆ ಯಾರಾದರೂ ಕೇಳುತ್ತಾರೆ, ಅಂಕಿ ತಪ್ಪಿದರೆ ಹಾಗೇ ಹೋಗಿಬಿಡುತ್ತದೆ. ಡಚ್‌ನಲ್ಲಿ ಸಾವಿರಕ್ಕೆ ಚುಕ್ಕೆ, ದಶಮಾಂಶಕ್ಕೆ ಅಲ್ಪವಿರಾಮ. 24.500 ಕಿಲೋ ಎಂದರೆ ಇಪ್ಪತ್ತನಾಲ್ಕೂವರೆ ಸಾವಿರ ಕಿಲೋ. ಅದನ್ನು ಹಾಗೇ ಬಿಟ್ಟರೆ ಇಂಗ್ಲಿಷ್ ಓದುವವರಿಗೆ ಇಪ್ಪತ್ತನಾಲ್ಕೂವರೆ ಕಿಲೋ. ಹೊತ್ತಿನ ಲೆಕ್ಕವೂ ಹಾಗೇ. 'ಹಾಲ್ಫ್ ದ್ರೀ' ಎಂದರೆ ಎರಡೂವರೆ, ಮೂರೂವರೆ ಅಲ್ಲ. ಒಂದು ಗಂಟೆ ತಡವಾದರೆ ಲಾರಿಗೆ ಟರ್ಮಿನಲ್ಲಿನಲ್ಲಿ ಕೊಟ್ಟ ಸಮಯ ಹೋಯಿತು. ಕೆಲಸ ಮುಗಿದ ಮೇಲೆ ಅಂಕಿಗಳನ್ನು ಮಾತ್ರ ನೋಡಲು ಇನ್ನೊಂದು ಸಲ ಕೂರುತ್ತೇನೆ. ಆಗ ಪದ ಓದುವುದೇ ಇಲ್ಲ.

ಕಸ್ಟಮ್ಸ್ ಕಾಗದಗಳು ಇದ್ದುದರಲ್ಲಿ ಸಲೀಸು. ಯುರೋಪಿನ ಕಸ್ಟಮ್ಸ್ ಕೋಡ್ ಎರಡೂ ಭಾಷೆಗಳಲ್ಲಿ ಅಧಿಕೃತವಾಗಿಯೇ ಇದೆ. ಅಕ್ಕಪಕ್ಕ ತೆರೆದಿಟ್ಟುಕೊಂಡರೆ ಆಯಿತು. ಡಚ್‌ನಲ್ಲಿ 'ಮುಕ್ತ ಸಂಚಾರಕ್ಕೆ ತರುವುದು' ಎಂಬಂತಿರುವ ಮಾತಿಗೆ ಅಲ್ಲಿ 'ರಿಲೀಸ್ ಫಾರ್ ಫ್ರೀ ಸರ್ಕ್ಯುಲೇಷನ್' ಎಂದಿದೆ. ಹಾಗೇ ಬರೆಯಬೇಕು. ಅಲ್ಲಿ ನಮ್ಮ ಜಾಣತನ ಬೇಡ.

ಹೋದ ವಾರದ ಕೆಲಸದಲ್ಲಿ 'ಬೋರ್ಡ್-ಬೋರ್ಡ್-ಓವರ್‌ಸ್ಲಾಖ್' ಎಂದಿತ್ತು. ಸರಕು ದಡ ಮುಟ್ಟುತ್ತದಾ ಎಂದು ಗಿರಾಕಿಗೆ ಫೋನ್ ಮಾಡಿ ಕೇಳಿದೆ. ಇಲ್ಲವಂತೆ. ದೊಡ್ಡ ಹಡಗು ನೀರಿನ ನಡುವೆ ತೇಲುವ ಬೋಯಾಗಳಿಗೆ ಕಟ್ಟಿ ನಿಲ್ಲುತ್ತದೆ. ನದಿಯ ಹಡಗು ಪಕ್ಕಕ್ಕೆ ಬಂದು ಅಲ್ಲೇ ತುಂಬಿಸಿಕೊಂಡು ಹೋಗುತ್ತದೆ. 'ಶಿಪ್ ಟು ಶಿಪ್ ಟ್ರಾನ್ಸ್‌ಫರ್' ಎಂದು ಬರೆದು, ಓವರ್‌ಸ್ಲಾಖ್ ಕೆಳಗೆ ಆರನೇ ಸಾಲು ಸೇರಿಸಿದೆ.