ಹಸಿರು ಬಡ್ಜಿಯಲ್ಲಿ ಅಡಗಿದ್ದ ನೀಲಿ

ಪಂಜರದಲ್ಲಿ ಸಾಕುವ ಪುಟ್ಟ ಗಿಳಿಗಳಾದ ಬಡ್ಜಿಗಳನ್ನು ಮರಿಗಾಗಿ ಜೋಡಿ ಮಾಡುವಾಗ ನಾನು ಹಕ್ಕಿಯ ಬಣ್ಣಕ್ಕಿಂತ ಮೊದಲು ಅದರ ಕಾಲಿನ ಉಂಗುರದ ಸಂಖ್ಯೆ ನೋಡುತ್ತೇನೆ. ಅಪ್ಪ ಅಮ್ಮ ಯಾರೆಂದು ಪುಸ್ತಕದಲ್ಲಿರುತ್ತದೆ. ಬಡ್ಜಿಗಳಲ್ಲಿ ಹಸಿರು ಪ್ರಬಲ, ನೀಲಿ ದುರ್ಬಲ. ಗರಿ ಹಸಿರಾಗಲು ಹಳದಿ ವರ್ಣದ್ರವ್ಯ ಬೇಕು. ಅದನ್ನು ತಯಾರಿಸುವ ಜೀನ್ ಅಪ್ಪನಿಂದಲೋ ಅಮ್ಮನಿಂದಲೋ ಒಂದು ಸರಿಯಾಗಿ ಬಂದರೂ ಸಾಕು. ಎರಡೂ ಕೆಟ್ಟಿದ್ದರೆ ಮಾತ್ರ ಹಳದಿಯಿಲ್ಲದೆ ಹಕ್ಕಿ ನೀಲಿಯಾಗುತ್ತದೆ. ಒಂದಷ್ಟೇ ಕೆಟ್ಟಿರುವುದನ್ನು ನಾವು ‘ಸ್ಪ್ಲಿಟ್’ ಎನ್ನುತ್ತೇವೆ. ನೋಡಲು ಅದೂ ಅಪ್ಪಟ ಹಸಿರೇ.

ದಾಖಲೆಯಿಲ್ಲದ ಹಸಿರು ಗಂಡೊಂದು ಸಿಕ್ಕಿದಾಗ ಅದನ್ನು ನೀಲಿ ಹೆಣ್ಣಿನ ಜೊತೆ ಬಿಟ್ಟೆ. ಹಸಿರು ಹೆಣ್ಣಾದರೆ, ಎರಡೂ ಸ್ಪ್ಲಿಟ್ ಆಗಿದ್ದರೂ ನೀಲಿ ಮರಿ ಬರುವುದು ಸರಾಸರಿ ನಾಲ್ಕಕ್ಕೊಂದು. ನೀಲಿ ಹೆಣ್ಣಿನ ಬಳಿ ಕೊಡಲು ದುರ್ಬಲ ಜೀನ್ ಬಿಟ್ಟು ಬೇರೇನಿಲ್ಲ, ಹಾಗಾಗಿ ಗಂಡು ಏನು ಕೊಟ್ಟಿತು ಎಂಬುದು ನೇರವಾಗಿ ಮರಿಯ ಗರಿಯಲ್ಲೇ ಕಾಣುತ್ತದೆ. ಜೋಡಿಗೆ ಪ್ರತ್ಯೇಕ ಪಂಜರ ಕಡ್ಡಾಯ. ಹಿಂದಿನ ಗಂಡಿನ ವೀರ್ಯ ಹೆಣ್ಣಿನ ದೇಹದಲ್ಲಿ ಕೆಲವು ದಿನ ಉಳಿಯಬಲ್ಲದು, ಅದಕ್ಕೇ ಅವಳನ್ನು ಸಾಕಷ್ಟು ಮೊದಲೇ ಬೇರೆ ಇಟ್ಟಿದ್ದೆ.

ಮೊದಲ ಸುತ್ತಿನ ಮೂರು ಮರಿಗಳೂ ಹಸಿರು. ‘ಶುದ್ಧ ಹಸಿರೇ ಬಿಡಿ’ ಎಂದರು ಗೆಳೆಯರು. ಆದರೆ ಸ್ಪ್ಲಿಟ್ ಗಂಡಿಗೂ ಮೂರಕ್ಕೆ ಮೂರು ಹಸಿರು ಬರುವ ಸಾಧ್ಯತೆ 8ರಲ್ಲಿ 1 ಇದೆ. ಅಷ್ಟಕ್ಕೇ ತೀರ್ಪು ಕೊಡಲು ಮನಸ್ಸಾಗಲಿಲ್ಲ. ಮುಂದಿನ ಸುತ್ತಿನಲ್ಲಿ ಒಂದು ನೀಲಿ ಮರಿ ಬಂತು. ಗಂಡು ಸ್ಪ್ಲಿಟ್ ಎನ್ನಲು ಅದೊಂದೇ ಸಾಕು. ಹಸಿರು ಮರಿಗಳು ಎಷ್ಟೇ ಬಂದರೂ ಅನುಮಾನ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಂದಹಾಗೆ, ಆ ಹಸಿರು ಮರಿಗಳೆಲ್ಲ ಸ್ಪ್ಲಿಟ್ ಎಂಬುದರಲ್ಲಿ ಸಂಶಯವೇ ಇಲ್ಲ, ತಾಯಿ ನೀಲಿಯಲ್ಲವೇ?

ಹಳದಿ ಮೈ, ಕೆಂಪು ಕಣ್ಣಿನ ಲುಟಿನೋದ ಲೆಕ್ಕವೇ ಬೇರೆ. ಅದೂ ದುರ್ಬಲ ಗುಣ, ಆದರೆ ಜೀನ್ ಇರುವುದು ಲಿಂಗ ನಿರ್ಧರಿಸುವ ಝಡ್ ವರ್ಣತಂತುವಿನಲ್ಲಿ. ಹಕ್ಕಿಗಳಲ್ಲಿ ಗಂಡಿಗೆ ಝಡ್ ಎರಡು, ಹೆಣ್ಣಿಗೆ ಒಂದೇ. ಒಂದೇ ಇದ್ದಮೇಲೆ ಮುಚ್ಚಿಡುವುದೆಲ್ಲಿ? ‘ಲುಟಿನೋಗೆ ಸ್ಪ್ಲಿಟ್ ಆಗಿರುವ ಹೆಣ್ಣು’ ಎಂದು ಯಾರಾದರೂ ಮಾರಲು ಬಂದರೆ ನಾನು ಮುಂದಿನ ಮಾತೇ ಕೇಳುವುದಿಲ್ಲ.

ಇದನ್ನೇ ಅನುಕೂಲಕ್ಕೆ ಬಳಸಿಕೊಂಡಿದ್ದೇನೆ. ಲುಟಿನೋ ಗಂಡಿಗೆ ಹಸಿರು ಹೆಣ್ಣು ಕೊಟ್ಟರೆ ಹೆಣ್ಣು ಮರಿಗಳೆಲ್ಲ ಲುಟಿನೋ, ಗಂಡು ಮರಿಗಳೆಲ್ಲ ಸ್ಪ್ಲಿಟ್ ಹಸಿರು. ಕೊಕ್ಕಿನ ಮೇಲಿನ ಮೂಗಿನ ಬಣ್ಣ ನೋಡಿ ಗಂಡು ಹೆಣ್ಣು ಹೇಳಲು ತಿಂಗಳುಗಟ್ಟಲೆ ಕಾಯಬೇಕು. ಈ ಜೋಡಿಯ ಮರಿಗಳಲ್ಲಿ ಕಣ್ಣು ಬಿಡುವ ಮೊದಲೇ ತಿಳಿಯುತ್ತದೆ: ಮುಚ್ಚಿದ ರೆಪ್ಪೆಯಡಿ ಕಪ್ಪು ಕಂಡರೆ ಗಂಡು, ಕೆಂಪು ಕಂಡರೆ ಹೆಣ್ಣು.